ನೆಲದ ನಡುಕವೂ ಆರದ ಕಾವೂ

2022ನೆಯ ಇಸವಿ ಜೂನ್ 23ರ ಬೆಳಗಿನ ಜಾವದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯಲ್ಲಿ ನೆಲವು ನಡುಗಿತು. ಕಂಪನದ ಪರಿಮಾಣವು 3.4 ಎಂದು ಯಂತ್ರಗಳು ತೋರಿಸಿದುವು. ಅದಾದ ಕೆಲವೇ ದಿನಗಳಲ್ಲಿ ಕೊಡಗು ಮತ್ತು ಸುಳ್ಯದ ಗಡಿಯಲ್ಲಿರುವ ಸಂಪಾಜೆ, ಚೆಂಬು ಮೊದಲಾದ ಗ್ರಾಮಗಳಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಉಂಟಾದುವು. ಈ ಎರಡು ತಾಣಗಳಿಗೂ ದೂರವಲ್ಲದ ಸಕಲೇಶಪುರ ಮತ್ತು ಆಲೂರಿನ ಬೆಟ್ಟಸೀಮೆಯವರ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುವುದು ಸಹಜವೇ ಸರಿ. ಅಲುಗದ ನೆಲವೆಂದು ನಂಬಿದ್ದ ನಮ್ಮ ಬೆಟ್ಟವೇ ನಡುಗುವುದಾದರೆ, ಇದೇ ಸಹ್ಯಾದ್ರಿಯ ಮಡಿಲಿನಲ್ಲಿ ಇಲ್ಲಿಂದ ಬಡಗಲಾಗಿ ಸುಮಾರು 250 ಕಿಲೋಮೀಟರು ದೂರದಲ್ಲಿರುವ ಕೈಗಾ ಪರಮಾಣು ವಿದ್ಯುದಾಗಾರದ ಪಾಡೇನು?

ಈ ಪ್ರಶ್ನೆಯು ಇಂದು ಕೇವಲ ಕುತೂಹಲದ್ದಲ್ಲ. ಕೈಗಾದಲ್ಲಿ ಈಗ ತಲಾ 220 ಮೆಗಾವಾಟಿನ ನಾಲ್ಕು ಸ್ಥಾವರಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡನ್ನು ಅಲ್ಲಿ ನಿರ್ಮಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2017ರ ಮೇ ತಿಂಗಳಲ್ಲಿ ಒಪ್ಪಿಗೆಯಿತ್ತಿತು. 2047ನೆಯ ಇಸವಿಯೊಳಗೆ ದೇಶದಲ್ಲಿ ಒಂದು ಲಕ್ಷ ಮೆಗಾವಾಟ್ ಪರಮಾಣು ವಿದ್ಯುತ್ತನ್ನು ಉತ್ಪಾದಿಸಬೇಕೆಂಬ ಗುರಿಯನ್ನು 2025ರ ಆಯವ್ಯಯದಲ್ಲಿ ಸಾರಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹೊಸ ಶಾಸನವನ್ನು ಮಾಡಿ, ಅಂದಿನವರೆಗೆ ಸರ್ಕಾರದ ಕೈಯಲ್ಲಿ ಮಾತ್ರವಿದ್ದ ಈ ಉದ್ಯಮದ ಬಾಗಿಲನ್ನು ಖಾಸಗಿ ಬಂಡವಾಳಕ್ಕೂ ತೆರೆಯಿತು. ಇಷ್ಟು ದೊಡ್ಡ ಹೆಜ್ಜೆಯನ್ನಿಡುವ ರಾಷ್ಟ್ರವು ತನ್ನ ಕಾಲ ಕೆಳಗಿನ ನೆಲವನ್ನು ನೋಡಿಕೊಂಡು ನಡೆಯಬೇಕಾದುದು ನ್ಯಾಯವಷ್ಟೆ.

ಈ ವಿಷಯದಲ್ಲಿ ಜನರು ಎರಡು ಪಕ್ಷವಾಗಿದ್ದಾರೆ. ದಕ್ಷಿಣದ ಬಂಡೆಯು ಅತಿ ಪುರಾತನವಾದುದು, ಇಲ್ಲಿ ಭೂಕಂಪದ ಮಾತೇ ಇಲ್ಲವೆಂದು ಒಂದು ಪಕ್ಷದವರು ನೆಮ್ಮದಿಯಿಂದಿರುವರು. ನೆಲವು ಒಮ್ಮೆ ನಡುಗಿತೆಂದರೆ ಸ್ಥಾವರವು ಕುಸಿದು ಕರ್ನಾಟಕವೆಲ್ಲ ವಿಷಮಯವಾಗುವುದೆಂದು ಇನ್ನೊಂದು ಪಕ್ಷದವರು ಅಂಜುವರು. ನಮ್ಮ ಅಭಿಪ್ರಾಯದಲ್ಲಿ ಈ ನೆಮ್ಮದಿಗೂ ಈ ಅಂಜಿಕೆಗೂ ಸಾಕಷ್ಟು ಆಧಾರವಿಲ್ಲ. ನಿಜವಾದ ಅಪಾಯವು ಇವೆರಡರ ನಡುವೆ, ಯಾರೂ ಅಷ್ಟಾಗಿ ನೋಡದ ಸ್ಥಳದಲ್ಲಿದೆ.

ಮೊದಲು ನೆಲದ ಮಾತು. ಗೊರೂರು ಮತ್ತು ಹಾಸನದ ಸುತ್ತಣ ಬಂಡೆಗಳು ಭಾರತದ ಅತ್ಯಂತ ಹಳೆಯ ಶಿಲೆಗಳಲ್ಲಿ ಸೇರಿದವು. ಅವುಗಳ ವಯಸ್ಸು 330 ಕೋಟಿ ವರ್ಷಗಳಷ್ಟೆಂದು ಭೂವಿಜ್ಞಾನಿಗಳು ಕಂಡಿದ್ದಾರೆ. ಹಿಮಾಲಯದ ಬುಡದಲ್ಲಿ ಆಗುವಂತಹ ಮಹಾಕಂಪನಗಳನ್ನು ಇಲ್ಲಿ ನಿರೀಕ್ಷಿಸಲು ಕಾರಣವಿಲ್ಲ. 2002ರ ಭೂಕಂಪ ನಕಾಶೆಯಲ್ಲಿ ಹಾಸನ ಜಿಲ್ಲೆಯನ್ನು ಎಲ್ಲಕ್ಕಿಂತ ಕಡಮೆ ಅಪಾಯದ ಎರಡನೆಯ ವಲಯದಲ್ಲಿಯೂ ಉತ್ತರ ಕನ್ನಡದ ಕರಾವಳಿಯನ್ನು ಮೂರನೆಯ ವಲಯದಲ್ಲಿಯೂ ಇರಿಸಲಾಯಿತು. ಇಷ್ಟು ಮಾತ್ರ ದಿಟ.

ಆದರೆ ನಕಾಶೆಯನ್ನು ಬರೆಯುವವನು ಮನುಷ್ಯ. ನೆಲವು ಅವನ ಅಪ್ಪಣೆಯನ್ನು ಕೇಳುವುದಿಲ್ಲ. ಇದೇ ಸಹ್ಯಾದ್ರಿಯಲ್ಲಿ, ಕೈಗಾದಿಂದ ಸುಮಾರು 300 ಕಿಲೋಮೀಟರು ಬಡಗಲಲ್ಲಿರುವ ಕೊಯ್ನಾ ಪ್ರದೇಶವನ್ನು ಭೂಕಂಪದ ಭಯವಿಲ್ಲದ ಸೀಮೆಯೆಂದೇ ಎಣಿಸಲಾಗಿತ್ತು. ಅಲ್ಲಿ ಅಣೆಕಟ್ಟನ್ನು ಕಟ್ಟಿ 1962ರಿಂದ ನೀರು ತುಂಬಿಸತೊಡಗಿದ ಮೇಲೆ ಸಣ್ಣ ಕಂಪನಗಳು ಹೆಚ್ಚಿದುವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಪರಿಮಾಣ 6ನ್ನು ಮೀರಿದ ಕಂಪನವಾಗಿ ಊರುಗಳು ನೆಲಸಮವಾದುವು. ಅಣೆಕಟ್ಟು ಬಿರುಕು ಬಿಟ್ಟರೂ ದೈವವಶಾತ್ ನಿಂತಿತು. ಜಲಾಶಯದ ಭಾರವೂ ಬಂಡೆಯ ಸಂದಿಗೆ ಇಳಿಯುವ ನೀರಿನ ಒತ್ತಡವೂ ನೆಲದೊಳಗೆ ಮೊದಲೇ ಇದ್ದ ಬಿಗುವನ್ನು ಸಡಿಲಿಸಬಲ್ಲುವೆಂಬುದಕ್ಕೆ ಕೊಯ್ನಾ ಇಂದು ಲೋಕಪ್ರಸಿದ್ಧ ನಿದರ್ಶನವಾಗಿದೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. ಆ ಊರು ಆಗ ನಕಾಶೆಯ ಮೊದಲನೆಯ, ಎಂದರೆ ಅತಿ ನಿರ್ಭಯವಾದ ವಲಯದಲ್ಲಿತ್ತು. ತರುವಾಯ ಆ ವಲಯವನ್ನೇ ರದ್ದುಮಾಡಿ ನಕಾಶೆಯನ್ನು ತಿದ್ದಬೇಕಾಯಿತು. ಎರಡು ಸಲವೂ ನೆಲವು ಮೊದಲು ನಡುಗಿತು. ನಕಾಶೆಯು ಆಮೇಲೆ ಬದಲಾಯಿತು. ಹಳೆಯ ಬಂಡೆಯೆಂಬ ಒಂದೇ ಸಮಾಧಾನವು ಸಾಲದೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕಿಲ್ಲ.

ಸ್ಥಾವರವನ್ನು ಕಟ್ಟುವವರು ಇದನ್ನು ಅರಿಯದವರಲ್ಲ. ಸಕ್ರಿಯವಾದ ಭೂಸ್ತರಭಂಗವು ಐದು ಕಿಲೋಮೀಟರಿನೊಳಗೆ ಇದ್ದರೆ ಆ ಜಾಗವನ್ನು ಕೈಬಿಡಬೇಕೆಂಬುದು ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ನಿಯಮ. ಸ್ಥಾವರದ ಆಯುಷ್ಯದಲ್ಲಿ ಸಂಭವಿಸಬಹುದಾದ ಕಂಪನವೊಂದು, ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಘೋರ ಕಂಪನವೊಂದು, ಹೀಗೆ ಎರಡು ಬಗೆಯ ಲೆಕ್ಕವನ್ನಿಟ್ಟುಕೊಂಡು ಕಟ್ಟಡವನ್ನು ರಚಿಸುತ್ತಾರೆ. 2001ರ ಜನವರಿ 26ರಂದು ಭುಜ್ ಪಟ್ಟಣವು ಹಾಳಾದಾಗ ಗುಜರಾತಿನ ಕಾಕ್ರಾಪಾರ ಸ್ಥಾವರವು ನಿಲ್ಲದೆ ನಡೆದಿತ್ತು. 2007ರ ಜುಲೈ ತಿಂಗಳಲ್ಲಿ ಜಪಾನಿನ ಕಾಶಿವಾಜಾಕಿ ಸ್ಥಾವರಗಳಿಗೆ ತಗುಲಿದ ಕಂಪನವು ಕಟ್ಟಿದವರ ಲೆಕ್ಕವನ್ನು ಮೀರಿತ್ತು. ಆದರೂ ಅವು ಸುರಕ್ಷಿತವಾಗಿ ನಿಂತುವು. ಆದುದರಿಂದ ನೆಲವು ನಡುಗಿದೊಡನೆ ಸ್ಥಾವರದ ಗೋಡೆಯು ಬಿದ್ದುಹೋಗುವುದೆಂಬ ಭೀತಿಯು ಅನುಭವಕ್ಕೆ ಒಪ್ಪುವುದಲ್ಲ.

ಹಾಗಾದರೆ ಫುಕುಶಿಮಾದಲ್ಲಿ ಆದುದೇನು? ಇಲ್ಲಿಯೇ ವಿಷಯದ ಮರ್ಮವಿರುವುದು. ಪರಮಾಣು ಸ್ಥಾವರವು ನಮ್ಮ ಮನೆಯ ಸೌದೆಯೊಲೆಯಂತಲ್ಲ. ಒಲೆಯಿಂದ ಕೊಳ್ಳಿಯನ್ನು ಹಿಂದಕ್ಕೆ ಎಳೆದರೆ ಉರಿಯು ಅಡಗುತ್ತದೆ. ಸ್ಥಾವರದಲ್ಲಿ ಯುರೇನಿಯಂ ಪರಮಾಣುಗಳು ಒಡೆಯುವ ಕ್ರಿಯೆಯನ್ನು ತಡೆಗೋಲುಗಳು ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಬಲ್ಲುವು. ಆದರೆ ಮೊದಲೇ ಒಡೆದ ಚೂರುಗಳು ತಮ್ಮಷ್ಟಕ್ಕೆ ತಾವೇ ಕ್ಷಯಿಸುತ್ತ ಕಾವನ್ನು ಸೂಸುತ್ತಲೇ ಇರುವುವು; ಅವುಗಳನ್ನು ನಿಲ್ಲಿಸುವ ಉಪಾಯವು ಮನುಷ್ಯನಿಗೆ ತಿಳಿದಿಲ್ಲ. ಸ್ಥಾವರವನ್ನು ನಿಲ್ಲಿಸಿದ ಕ್ಷಣದಲ್ಲಿ ಈ ಕಾವು ಪೂರ್ಣ ಶಾಖದ ನೂರಕ್ಕೆ ಆರು ಪಾಲಿನಷ್ಟಿರುವುದು. ಒಂದು ಗಂಟೆಯಾದ ಮೇಲೆ ಸುಮಾರು ಒಂದೂವರೆ ಪಾಲು, ಒಂದು ದಿನವಾದ ಮೇಲೂ ಸುಮಾರು ಅರ್ಧ ಪಾಲು ಉಳಿದಿರುವುದು. ಅರ್ಧ ಪಾಲು ಎಂದರೆ ಅಲ್ಪವೆಂದು ತೋರಬಹುದು. ಕೈಗಾದ ಒಂದೊಂದು ಸ್ಥಾವರದ ಪೂರ್ಣ ಶಾಖವು ಸುಮಾರು 750 ಮೆಗಾವಾಟ್. ಅದರ ಅರ್ಧ ಪಾಲೆಂದರೆ, ಸ್ನಾನದ ನೀರು ಕಾಯಿಸುವ ಎರಡು ಕಿಲೋವಾಟಿನ ವಿದ್ಯುತ್ ಹಂಡೆಗಳು ಎರಡು ಸಾವಿರಕ್ಕೆ ಸಮೀಪದಷ್ಟು ಒಂದೇ ಕೋಣೆಯಲ್ಲಿ ಹಗಲಿರುಳೂ ಉರಿಯುತ್ತಿರುವ ಹಾಗೆ. ಈ ಕಾವನ್ನು ಒಯ್ಯಲು ನೀರು ಹರಿಯುತ್ತಲೇ ಇರಬೇಕು. ನೀರನ್ನು ಹರಿಸಲು ಯಂತ್ರವು ನಡೆಯಬೇಕು. ಯಂತ್ರಕ್ಕೆ ಶಕ್ತಿಯು ಬೇಕು.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ನಡೆಯುತ್ತಿದ್ದ ಸ್ಥಾವರಗಳು ಕಂಪನವಾದೊಡನೆ ಶಾಸ್ತ್ರೋಕ್ತವಾಗಿಯೇ ನಿಂತುವು. ಹೊರಗಿನ ವಿದ್ಯುತ್ತು ತಪ್ಪಿದಾಗ ಡೀಸೆಲ್ ಯಂತ್ರಗಳು ಹೊತ್ತಿಕೊಂಡುವು. ಮುಕ್ಕಾಲು ಗಂಟೆಯ ಮೇಲೆ ಸಮುದ್ರದ ನೀರು ಗೋಡೆಯನ್ನು ದಾಟಿ ಬಂದು ಆ ಯಂತ್ರಗಳನ್ನು ಮುಳುಗಿಸಿತು. ನೀರೆತ್ತುವ ಶಕ್ತಿಯಿಲ್ಲದೆ ಕಾವು ಆರದೆ ಇಂಧನವು ಕರಗಿತು. ಅನರ್ಥವನ್ನು ತಂದುದು ನೆಲದ ನಡುಕವೊಂದೇ ಅಲ್ಲ, ಅದರ ಹಿಂದೆಯೇ ಬಂದ ನೀರು ಮತ್ತು ಕತ್ತಲೆ.

ಇಂತಹ ಕತ್ತಲೆಯನ್ನು ನಮ್ಮ ದೇಶವೂ ಒಮ್ಮೆ ಕಂಡಿದೆ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿಯೆದ್ದಿತು. ಮುಖ್ಯ ತಂತಿಗಳೂ ಮೀಸಲು ತಂತಿಗಳೂ ಒಂದೇ ಹಾದಿಯಲ್ಲಿದ್ದುದರಿಂದ ಎರಡೂ ಸುಟ್ಟುಹೋಗಿ, ಸುಮಾರು 17 ಗಂಟೆಗಳ ಕಾಲ ಆ ಸ್ಥಾವರದಲ್ಲಿ ವಿದ್ಯುತ್ತಿರಲಿಲ್ಲ. ಅಲ್ಲಿಯ ಕೆಲಸಗಾರರು ಧೈರ್ಯಗೆಡದೆ, ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದಲೇ ನೀರು ಹಾಯಿಸಿ ಕಾವನ್ನು ಇಳಿಸಿದರು. ವಿಕಿರಣವು ಹೊರಗೆ ಹರಡಲಿಲ್ಲ. ಈ ಸಾಹಸವು ನಮ್ಮವರ ಕೀರ್ತಿ. ಆದರೆ ಮೀಸಲು ಎಂಬುದು ಕಾಗದದ ಮೇಲೆ ಬೇರೆಯಾಗಿದ್ದರೆ ಸಾಲದು, ನೆಲದ ಮೇಲೆಯೂ ಬೇರೆಯಾಗಿರಬೇಕೆಂಬ ಪಾಠವನ್ನು ಅದು ಕಲಿಸಿತು.

ಸಕಲೇಶಪುರದ ಜನರು ಈ ವಿಚಾರದಲ್ಲಿ ಬಾಯಿ ತೆರೆಯಲು ಅಧಿಕಾರವುಳ್ಳವರೆಂದು ನಾವು ಹೇಳುವುದು ಈ ಪಾಠದ ದೆಸೆಯಿಂದ. ಬೆಟ್ಟದ ಸೀಮೆಯಲ್ಲಿ ಆಪತ್ತು ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯ ಮೇಲೆ ಗುಡ್ಡಗಳು ಕಂಡಕಂಡಲ್ಲಿ ಕುಸಿದು, ಸಂಚಾರವು ತಿಂಗಳಿಗೂ ಮಿಗಿಲಾಗಿ ನಿಂತಿತು. ಶಿರಾಡಿ ಘಾಟಿಯೂ ಮುಚ್ಚಿತು. 2024ರ ಜುಲೈ ತಿಂಗಳಲ್ಲಿ ಎಡಕುಮೇರಿಯ ಬಳಿ ರೈಲುಕಂಬಿಯ ಕೆಳಗಿನ ಮಣ್ಣು ಜಾರಿತು. ಅದೇ ಮಳೆಯಲ್ಲಿ ದೊಡ್ಡತಪ್ಲುವಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವು ಬಿದ್ದಿತು. ಮಳೆ ಜೋರಾದ ದಿನ ಮರವು ತಂತಿಯ ಮೇಲೆ ಬೀಳುವುದು, ದೀಪವು ಆರುವುದು, ದಾರಿಯು ಮುಚ್ಚುವುದು, ದೂರವಾಣಿಯು ಸತ್ತುಹೋಗುವುದು, ಇವೆಲ್ಲವೂ ಒಂದೇ ಹೊತ್ತಿನಲ್ಲಿ ಆಗುವುವು. ತೋಟದ ಆಳಿಗೆ ಹಾವು ಕಚ್ಚಿದರೆ ಅಂದೇ ಕಚ್ಚುವುದು. ವೈದ್ಯನಿದ್ದಾನೆ, ಔಷಧಿಯಿದೆ, ಗಾಡಿಯಿದೆ, ದಾರಿಯೊಂದಿಲ್ಲ.

ಕೈಗಾದ ನೆಲವನ್ನು ಈ ಕಣ್ಣಿನಿಂದ ನೋಡಬೇಕು. ಅದು ಕಾಳಿಯ ಎಡದಂಡೆಯ ಮೇಲಿದೆ. ಕೆಳಗೆ ಕದ್ರಾ ಜಲಾಶಯ. ಸ್ಥಾವರಕ್ಕೆ ನೀರನ್ನು ಕೊಡುವುದು ಅದೇ. ಮೇಲುಗಡೆ ಕೊಡಸಳ್ಳಿ ಅಣೆಕಟ್ಟು. ಅದಕ್ಕೂ ಮೇಲೆ ನೂರು ಮೀಟರು ಎತ್ತರದ ಸೂಪಾ. ಅಲ್ಲಿಗೆ ತಲುಪುವ ದಾರಿಗಳಲ್ಲಿ ಮುಖ್ಯವಾದುವು ಎರಡು, ಕಾರವಾರದಿಂದ ನದಿಯ ಬದಿಯ ದಾರಿ ಮತ್ತು ಯಲ್ಲಾಪುರದಿಂದ ಘಟ್ಟ ಇಳಿಯುವ ದಾರಿ. 2019ರ ಆಗಸ್ಟಿನಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದಾಗ ಕೆಳಗಿನ ಹಳ್ಳಿಗಳು ಮುಳುಗಿದುವು. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟಗಳೂ ಮನೆಗಳೂ ಹಾಳಾದುವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವು ಕುಸಿದು ಹಲವು ಜೀವಗಳು ಹೋದುವು. ಇವುಗಳಲ್ಲಿ ಯಾವುದಕ್ಕೂ ಭೂಕಂಪವು ಕಾರಣವಲ್ಲ, ಬರಿಯ ಮಳೆ. ಮಳೆಯಿಂದ ನೆನೆದು ಸಡಿಲವಾದ ಇಳಿಜಾರಿನ ಮೇಲೆ ಸಾಧಾರಣವಾದ ಕಂಪನವೊಂದು ಆದರೆ ಏನಾಗುವುದು? ಆಗ ಸ್ಥಾವರದ ಗೋಡೆಯು ಕಲ್ಲಿನಂತೆ ನಿಂತಿರಬಹುದು. ಹೊರಗಿನ ತಂತಿಮಾರ್ಗಗಳು ಉಳಿಯುವುವೇ? ಡೀಸೆಲನ್ನು ತರುವ ಲಾರಿಯು ಬರುವುದೇ? ಮೇಲಿನ ಅಣೆಕಟ್ಟಿನ ನೀರನ್ನು ಅಂದೇ ಬಿಡಬೇಕಾಗಿ ಬಂದರೆ? ಸುತ್ತಣ ಹಳ್ಳಿಗರನ್ನು ಯಾವ ದಾರಿಯಿಂದ ಸಾಗಿಸುವುದು? ಭೂಕಂಪವನ್ನೊಂದು ಕಡತದಲ್ಲಿ, ಪ್ರವಾಹವನ್ನೊಂದು ಕಡತದಲ್ಲಿ, ಗುಡ್ಡ ಕುಸಿತವನ್ನು ಮತ್ತೊಂದು ಇಲಾಖೆಯಲ್ಲಿ ಇಟ್ಟು ಪ್ರತ್ಯೇಕವಾಗಿ ಎಣಿಸಿದರೆ ಈ ಪ್ರಶ್ನೆಗಳಿಗೆ ಉತ್ತರವು ದೊರೆಯದು.

ಕೈಗಾದ ಕಾರ್ಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭಾರಜಲದಿಂದ ನಡೆಯುವ ಈ ಸ್ಥಾವರಗಳನ್ನು ನಮ್ಮ ದೇಶದ ವಿಜ್ಞಾನಿಗಳೂ ಕಾರ್ಮಿಕರೂ ಸ್ವಂತ ಬುದ್ಧಿಬಲದಿಂದ ಕಟ್ಟಿದರು. ಇಂಧನದ ಕೊಳವೆಗಳ ಸುತ್ತ ದೊಡ್ಡ ತೊಟ್ಟಿಯಲ್ಲಿ ನಿಂತಿರುವ ತಂಪಾದ ಭಾರಜಲವು ಆಪತ್ತಿನಲ್ಲಿ ಕೆಲವು ಗಂಟೆಗಳ ಅವಕಾಶವನ್ನು ಕೊಡುವುದೆಂಬುದು ಈ ರಚನೆಯ ಗುಣ. ಫುಕುಶಿಮಾದ ತರುವಾಯ, ನೆಲ ನಡುಗಿದೊಡನೆ ತಾನಾಗಿ ನಿಲ್ಲುವ ಏರ್ಪಾಡನ್ನೂ ಹೊರಗಿನಿಂದ ನೀರು ಹಾಯಿಸುವ ಕೊಳವೆಗಳನ್ನೂ ನಮ್ಮ ಸ್ಥಾವರಗಳಿಗೆ ಅಳವಡಿಸಿದರು. ಕೈಗಾದ ಮೊದಲನೆಯ ಸ್ಥಾವರವು 2018ರ ಡಿಸೆಂಬರ್ 31ಕ್ಕೆ ಮುಗಿದಂತೆ 962 ದಿನಗಳ ಕಾಲ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಮುರಿಯಿತು. ವಿದ್ಯುತ್ತಿನ ಅಗತ್ಯವೂ ಸುಳ್ಳಲ್ಲ. ಅದನ್ನು ಬೇರೆ ಬಗೆಯಿಂದ ಪಡೆಯಹೊರಟರೂ ಹೊರೆಯು ಇದೇ ಬೆಟ್ಟಗಳ ಮೇಲೆ ಬೀಳುವುದುಂಟು. ಗುಂಡ್ಯ ಜಲವಿದ್ಯುತ್ ಯೋಜನೆಯ ಕಣ್ಣು ಸಕಲೇಶಪುರದ ಕಾಡಿನ ಮೇಲೆಯೇ ಇತ್ತು. ನಂದಿಕೂರಿನ ಕಲ್ಲಿದ್ದಲ ವಿದ್ಯುತ್ತನ್ನು ಹಾಸನಕ್ಕೆ ತರುವ ತಂತಿಮಾರ್ಗವೂ ಈ ಘಟ್ಟವನ್ನೇ ಸೀಳಿ ಬಂದಿದೆ.

ನಮ್ಮ ಆಕ್ಷೇಪವಿರುವುದು ಯಂತ್ರದ ಮೇಲಲ್ಲ, ಮೌನದ ಮೇಲೆ. 1994ರ ಮೇ 13ರಂದು ಕೈಗಾದಲ್ಲಿ ಇನ್ನೂ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರವು ಕಳಚಿ ಬಿದ್ದಿತು. ಆಗ ಇಂಧನವನ್ನು ತುಂಬಿರಲಿಲ್ಲ. ಗುಮ್ಮಟವನ್ನು ಹೊಸ ಲೆಕ್ಕದಿಂದ ಮತ್ತೆ ಕಟ್ಟಿದರು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಯಂತ್ರದಲ್ಲಿ ಟ್ರಿಟಿಯಂ ಸೇರಿ ಹಲವರು ನೌಕರರ ದೇಹದೊಳಕ್ಕೆ ಹೋದುದು ಕಂಡುಬಂದಿತು. ಇದಕ್ಕೂ ಮೊದಲು, ಕೈಗಾ ಬೇಡವೆಂದು ವಾದಿಸಿದವರಲ್ಲಿ ಶಿವರಾಮ ಕಾರಂತರಂತಹ ಹಿರಿಯರಿದ್ದರು. ಅವರು 1989ರಲ್ಲಿ ಲೋಕಸಭೆಯ ಚುನಾವಣೆಗೇ ನಿಂತರು. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಕೇಳಿದವನನ್ನು ದೇಶದ ಪ್ರಗತಿಯ ವೈರಿಯೆಂದು ಕಾಣುವ ಚಾಳಿಯು ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸುವುದಿಲ್ಲ. ಉತ್ತರವಿಲ್ಲದ ಕಡೆ ವದಂತಿಯು ಹುಟ್ಟುವುದು. 1983ರಲ್ಲಿ ಸರ್ಕಾರದ ಆಜ್ಞೆಯಿಂದ ಹುಟ್ಟಿದ ನಿಯಂತ್ರಣ ಮಂಡಲಿಗೆ ಶಾಸನದ ಬಲವು ದೊರೆತುದು 2025ರ ಕಾಯಿದೆಯಿಂದ. ಶಾಸನವು ಹೆಸರನ್ನು ಕೊಡಬಲ್ಲುದು. ನಿರ್ಭಯವಾಗಿ ಬೇಡವೆನ್ನುವ ಸ್ವಭಾವವನ್ನು ಮಂಡಲಿಯೇ ಸಂಪಾದಿಸಬೇಕು.

ವಿದ್ಯೆಯ ಅಭಾವವು ನಮ್ಮ ನಾಡಿನಲ್ಲಿಲ್ಲ. ಹೋಮಿ ಭಾಭಾ ಅವರು ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿದುದು ಬೆಂಗಳೂರಿನಲ್ಲಿ. ಅವರ ಟಾಟಾ ಸಂಶೋಧನಾ ಸಂಸ್ಥೆಯು 1945ರಲ್ಲಿ ಹುಟ್ಟಿದುದೂ ಅಲ್ಲಿಯೇ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಕುರುಹನ್ನು ಕಂಡರು. ಅದೇ ವರ್ಷ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಸಾಲನ್ನು ಹೂಡಿ, ಸಾವಿರಾರು ಮೈಲಿಯಾಚೆ ಪರರಾಷ್ಟ್ರಗಳು ನೆಲದಡಿಯಲ್ಲಿ ನಡೆಸುವ ಅಣುಸ್ಫೋಟಗಳನ್ನು ಆಲಿಸಲಾರಂಭಿಸಿದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ರಾಷ್ಟ್ರದ ಪರಮಾಣು ಕಾರ್ಯದ ಮುಂದಾಳಾದರು. ದೂರದೇಶದ ಸ್ಫೋಟವನ್ನು ಗೌರಿಬಿದನೂರಿನಲ್ಲಿ ಕುಳಿತು ಕೇಳಬಲ್ಲ ನಾಡಿಗೆ, ಕಾಳೀಕಣಿವೆಯ ಮತ್ತು ಹೇಮಾವತಿಯ ನೆಲದಡಿಯ ಸಣ್ಣ ನಡುಕಗಳನ್ನು ಅಳೆದು ಜನರಿಗೆ ತಿಳಿಸುವುದು ಅಸಾಧ್ಯವೇ?

ಆದುದರಿಂದ ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯು ನಾಲ್ಕು. ಕೈಗಾದ ಹೊಸ ಸ್ಥಾವರಗಳಿಗಾಗಿ ನಡೆಸಿದ ಭೂಕಂಪ ಪರಿಶೀಲನೆಯ ಸಾರಾಂಶವನ್ನು, ಯಾವ ಬಲದ ಕಂಪನಕ್ಕೆ ಲೆಕ್ಕ ಹಾಕಲಾಗಿದೆ, ಯಾವ ಕಾರಣದಿಂದ ಎಂಬುದರೊಡನೆ ತಿಳಿಗನ್ನಡದಲ್ಲಿ ಪ್ರಕಟಿಸಬೇಕು. ಸಹ್ಯಾದ್ರಿಯ ಅಣೆಕಟ್ಟುಗಳ ಸುತ್ತ ಭೂಕಂಪಮಾಪಕಗಳನ್ನು ಒತ್ತಾಗಿ ಇರಿಸಿ, ಜಲಾಶಯದ ನೀರಿನ ಮಟ್ಟವನ್ನೂ ಕಂಪನಗಳ ಪಟ್ಟಿಯನ್ನೂ ಒಟ್ಟಿಗೆ ತಿಂಗಳು ತಿಂಗಳೂ ಹೊರಗೆಡಹಬೇಕು. ಕಂಪನ, ಪ್ರವಾಹ, ಗುಡ್ಡ ಕುಸಿತ ಮೂರೂ ಒಂದೇ ದಿನ ಬಂದಿರುವುವೆಂದು ಭಾವಿಸಿ ಸ್ಥಾವರದವರೂ ಅಣೆಕಟ್ಟಿನವರೂ ಜಿಲ್ಲಾಧಿಕಾರಿಗಳೂ ಕೂಡಿ ತಾಲೀಮನ್ನು ನಡೆಸಬೇಕು. ಅದನ್ನು ಚಳಿಗಾಲದ ತಿಳಿಬಿಸಿಲಿನಲ್ಲಲ್ಲ, ಜುಲೈ ತಿಂಗಳ ಮಳೆಯಲ್ಲಿ ನಡೆಸಬೇಕು. ಖಾಸಗಿಯವರಿಗಾಗಲಿ ಸರ್ಕಾರಿ ಸಂಸ್ಥೆಗಳಿಗಾಗಲಿ ಈ ನಾಡಿನಲ್ಲಿ ಹೊಸ ಜಾಗವನ್ನು ಕೊಡುವ ಮೊದಲು ನೆಲದ ಪರೀಕ್ಷೆಯ ಫಲವು ಗ್ರಾಮಸಭೆಯ ಮುಂದೆ ಬರಬೇಕು, ಜಾಗವನ್ನು ಗೊತ್ತುಮಾಡಿದ ಮೇಲಲ್ಲ.

ಇವುಗಳಿಗೆ ತಗಲುವ ವೆಚ್ಚವು ಒಂದು ಸ್ಥಾವರದ ವೆಚ್ಚದ ಮುಂದೆ ಲೆಕ್ಕಕ್ಕೆ ಬರುವುದಲ್ಲ. ಮಳೆಗಾಲವು ಬಂತೆಂದರೆ ಸಕಲೇಶಪುರದ ಪೇಟೆಯಲ್ಲಿ ಒಬ್ಬರನ್ನೊಬ್ಬರು ಮೊದಲು ಕೇಳುವುದು, ಘಾಟಿ ತೆರೆದಿದೆಯೇ ಎಂದು. ಕೈಗಾದ ನಕಾಶೆಗಳನ್ನು ಪರಿಶೀಲಿಸುವ ಅಧಿಕಾರಿಗಳು ತಮ್ಮ ಎಲ್ಲ ಲೆಕ್ಕಗಳೂ ಮುಗಿದ ಮೇಲೆ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ. ಅದಕ್ಕೆ ಅವರು ಕೊಟ್ಟುಕೊಂಡ ಉತ್ತರವನ್ನು ಜನರೂ ಓದುವಂತಾಗಲಿ.